ಅಳಿಯನ ಎದುರಾಳಿ

ನನ್ನ ಅಳಿಯ ನನ್ನ ಕಾಲು ಮುಟ್ಟಿ ಅಧ್ಯಕ್ಷನಾದ. ನಡೆದದ್ದು ಇಷ್ಟೇ. ಎಷ್ಟು ಚೆನ್ನಾಗಿ ಮಾತಾಡಿದ, ಎಂಥ ತಯಾರಿ ಅಂತ ಜನ ಹೊಗಳುವುದಿದ್ದರೆ ಹೊಗಳಲಿ. ಆ ತಯಾರಿ ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ಅವನ ಎದುರಿಗೆ ನಿಂತು ಬೈದವಳು ನಾನೇ.

ನಾನು ಮಗಳ ಮನೆಗೆ ಅಂತ ಬಂದಿರುವ ಈ ಪರದೇಶಕ್ಕೆ ಅಧ್ಯಕ್ಷ ಅಂತ ಯಾರೂ ಇಲ್ಲ. ಪ್ರಧಾನಿ ಇದ್ದಾರೆ, ಅವರ ಮೇಲೆ ಸಮುದ್ರದಾಚೆ ಒಬ್ಬ ರಾಜ ಇದ್ದಾನಂತೆ. ಆ ಕೊರತೆ ತುಂಬೋಕೋ ಏನೋ, ನಮ್ಮವರಿಗೆ ಕನ್ನಡ ಸಂಘದ ಅಧ್ಯಕ್ಷಗಿರಿ ಅಂದರೆ ಪ್ರಾಣ. ಮೊದಲೆಲ್ಲ ಯುಗಾದಿ ಊಟ ಮುಗಿಸಿ, "ನೀವೇ ಆಗಿ", "ಅಯ್ಯೋ, ನೀವೇ ಆಗಿ" ಅಂತ ಯಾರ ತಲೆಗಾದರೂ ಕಟ್ಟಿ ಮನೆಗೆ ಹೋಗುತ್ತಿದ್ದರು. ಈ ಸಲ ಇಬ್ಬರು ನಿಂತರು. ಇಬ್ಬರು ನಿಂತ ಮೇಲೆ ವೇದಿಕೆಯ ಮೇಲೆ ಎದುರುಬದುರು ಚರ್ಚೆ ಆಗಲೇಬೇಕು ಅಂದರು, ಅಮೆರಿಕದಲ್ಲಿ ಆಗುವ ಹಾಗೆ.

ಒಬ್ಬ ನನ್ನ ಅಳಿಯ. ಮೈಸೂರಿನವನು, ಕಂಪ್ಯೂಟರ್ ಕೆಲಸ. ಇನ್ನೊಬ್ಬಳು ಧಾರವಾಡದ ಕಡೆಯ ಹುಡುಗಿ. ಹುಡುಗಿ ಅಂದರೆ ನನಗೆ ಹುಡುಗಿ, ಅವಳಿಗೂ ಅರ್ಧ ತಲೆ ಬೆಳ್ಳಗಾಗಿದೆ. ಇಲ್ಲಿಗೆ ಓದಲು ಬಂದು, ಹೋಟೆಲಿನಲ್ಲಿ ಪಾತ್ರೆ ತೊಳೆದು ಓದಿ, ಈಗ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಗುರುವಾರ ಅವಳಿಗೆ ರಜೆ. ಮಲಗಿ ಸುಧಾರಿಸಿಕೊಳ್ಳುವುದು ಬಿಟ್ಟು, ನಾವಿರುವ ಜಾನ್ಸನ್‌ವಿಲ್‌ನ ಗುಡ್ಡಗಳ ಮೇಲೆ ಚೆಲ್ಲಿಹೋಗಿರುವ ನಮ್ಮಂಥ ಮುದುಕ ಮುದುಕಿಯರನ್ನು ತನ್ನ ವ್ಯಾನಿಗೆ ಹತ್ತಿಸಿಕೊಂಡು ಸಂಘದವರು ಬಾಡಿಗೆಗೆ ಹಿಡಿಯುವ ಹಾಲ್‌ಗೆ ಕರೆದೊಯ್ಯುತ್ತಾಳೆ.

"ಅಮ್ಮಾರ, ಗಾಳಿ ಭಾಳ ಐತಿ, ನನ್ನ ಕೈ ಹಿಡಕೊಳ್ರಿ. ಇಲ್ಲಾಂದ್ರ ಹಾರಿ ಸಮುದ್ರಕ್ಕ ಬೀಳ್ತೀರಿ," ಅನ್ನುತ್ತಾಳೆ.

ಅಲ್ಲಿ ಚೌಕಾಬಾರ ಆಡುತ್ತೇವೆ, ಟೀ ಕುಡಿಯುತ್ತೇವೆ, ಸೊಸೆಯರನ್ನು ಬೈಯುತ್ತೇವೆ. ಸೊಸೆ ಇಲ್ಲದವಳು ನಾನು, ಬೇರೆಯವರ ಸೊಸೆಯರನ್ನು ಬೈಯುತ್ತೇನೆ. ವಾರದಲ್ಲಿ ನಾನು ಬಾಯಿ ತುಂಬ ಮಾತಾಡುವುದು ಆ ಒಂದು ಮಧ್ಯಾಹ್ನ. ಮನೆಯಲ್ಲಿ ಮೊಮ್ಮಗಳನ್ನು ಊಟಕ್ಕೆ ಕರೆದರೆ "ಐ ಆಮ್ ನಾಟ್ ಹಂಗ್ರಿ" ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಮಿಕ್ಕ ದಿನ ಗೋಡೆಯ ಮೇಲೆ ಗೊರಗುಟ್ಟುತ್ತ ಮನೆ ಬೆಚ್ಚಗಿಡುವ ಹೀಟ್ ಪಂಪು, ಕೆಳಗೆ ನಾನು. ಗುರುವಾರ ಹೋದರೆ ನನಗೆ ಇಲ್ಲಿ ಏನೂ ಉಳಿಯುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಚರ್ಚೆಗೆ ದಿನ ಗೊತ್ತಾದ ಮೇಲೆ ಮಗಳು, ಅಳಿಯ ಇಬ್ಬರೂ ಸೋಫಾದಲ್ಲಿ ಕೂತು ಅಮೆರಿಕದ ಅಧ್ಯಕ್ಷರ ಚುನಾವಣೆಯ ಹಳೇ ಚರ್ಚೆಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಅಲ್ಲಿ ನಿಲ್ಲುವವರು ಮೊದಲೇ ಒಂದು ಸುಳ್ಳು ವೇದಿಕೆ ಹಾಕಿಸಿಕೊಂಡು, ಎದುರಾಳಿಯ ಥರ ಮಾತಾಡುವ ಒಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು, ಅವರ ಕೈಲಿ ಬೈಸಿಕೊಂಡು ಅಭ್ಯಾಸ ಮಾಡುತ್ತಾರಂತೆ. ಏನು ಕೇಳಿದರೂ ತನ್ನ ಮಾತಿಗೇ ತಿರುಗಿಸಿಕೊಳ್ಳಬೇಕಂತೆ. ಉತ್ತರ ಹೊಳೆಯದಿದ್ದರೆ ನೀರು ಕುಡಿಯಬೇಕಂತೆ. ಎದುರಿನವರು ಚುಚ್ಚುವಾಗ ಮುಖ ಸಿಂಡರಿಸದೆ ನಗುತ್ತಿರಬೇಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಮುಖಗಳನ್ನೇ ನೋಡುತ್ತಿದ್ದೆ. ನಗುತ್ತಿದ್ದವರಲ್ಲಿ ಒಬ್ಬರಿಗೂ ನಗು ಬಂದ ಹಾಗಿರಲಿಲ್ಲ.

"ಅಮ್ಮ, ನೀನೇ ಅವಳಾಗು," ಅಂದಳು ಮಗಳು. "ಪ್ರತಿ ವಾರ ಅವಳ ವ್ಯಾನಲ್ಲಿ ಹೋಗ್ತೀಯ. ಅವಳ ಮಾತೆಲ್ಲ ನಿಂಗೆ ಗೊತ್ತು."

ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಈ ದೇಶಕ್ಕೆ ಬಂದ ಮೇಲೂ ನಾನು ಕೂತಿಲ್ಲ. ಅವನು ಟಿವಿ ಮುಂದೆ ಇದ್ದರೆ ನಾನು ಅಡುಗೆಮನೆಯಲ್ಲಿ, ಅವನು ಅಡುಗೆಮನೆಗೆ ಬಂದರೆ ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ. "ಊಟಕ್ಕೆ ಏಳಿ", "ಚಳಿ ಜಾಸ್ತಿ ಇದೆ", ಅಷ್ಟೇ ನಮ್ಮ ಮಾತು. ಅಂಥವಳ ಕೈಗೆ ಸೌಟು ಕೊಟ್ಟು, ಇದು ಮೈಕು, ಅವರನ್ನು ಏನು ಬೇಕಾದರೂ ಕೇಳು ಅಂದರು. ನಾನು ಬಿಡುತ್ತೇನೆಯೇ?

"ಏನ್ರೀ ಸರ, ಸಂಘದ ಪಾತ್ರೆ ಒಂದು ದಿನಾನಾದ್ರೂ ತೊಳದೀರೇನು?" ಅಂದೆ, ಅವಳ ಧಾಟಿಯಲ್ಲೇ.

ಅಳಿಯ ನೀರು ಕುಡಿದ.

"ಕುಡೀರಿ, ಕುಡೀರಿ. ಆ ಲೋಟಾನೂ ನಿಮ್ಮ ಅತ್ತೀನ ತೊಳೀಬೇಕು."

ಮಗಳು, ಸೆರಗಿಲ್ಲವಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅತ್ತೆ, ಇದು ಸ್ವಲ್ಪ ಪರ್ಸನಲ್ ಆಯ್ತು," ಅಂದ ಅಳಿಯ.

"ಅಲ್ಲಿ ಅವಳು ಬಿಡ್ತಾಳೇನ್ರೀ? ನಗ್ತಾ ಉತ್ತರ ಹೇಳಿ," ಅಂತ ಮಗಳು ಗದರಿದಳು.

ಕೊನೆಗೆ ಧಾರವಾಡದ ಧಾಟಿ ಬಿಟ್ಟು ನನ್ನದೇ ಪ್ರಶ್ನೆ ಕೇಳಿದೆ. "ನಮ್ಮ ಗುರುವಾರದ್ದು ಏನು ಮಾಡ್ತೀರಿ?"

"ಹಿರಿಯರು ನಮ್ಮ ಸಂಘದ ಬೇರು ಇದ್ದ ಹಾಗೆ. ಅವರ ಗುರುವಾರಕ್ಕೆ ಯಾರೂ ಕೈ ಹಾಕೋಲ್ಲ."

"ನಿಜ ಅನ್ನಿಸ್ತಾ, ಅಮ್ಮ?" ಮಗಳು ಕೇಳಿದಳು.

"ಇಲ್ಲ. ಬೇರು ಗೀರು ಬಿಟ್ಟು ಹೇಳಿ."

ಅವನು ಗಂಟಲು ಸರಿಮಾಡಿಕೊಂಡು ನನ್ನ ಮುಖ ನೋಡಿದ. ಅಷ್ಟು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನೋಡಿದ. "ಗುರುವಾರ ನಿಮ್ಮದೇ, ಅತ್ತೆ," ಅಂದ.

"ಈಗ ಅನ್ನಿಸ್ತು," ಅಂದೆ. ಖುಷಿಗೆ ಆವತ್ತು ಸಾಯಂಕಾಲ ಕೋಡುಬಳೆ ಮಾಡಿದೆ.

ಕೋಡುಬಳೆ ತಿನ್ನುತ್ತ ಮಗಳು ಕೇಳಿದಳು, "ಆದ್ರೂ ಅವಳು ಪಟ್ಟು ಹಿಡಿದು ಕೂತ್ರೆ? ಅವಳ ಬಾಯಿ ಮುಚ್ಚಿಸೋದು ಹೇಗಮ್ಮ?"

"ಅವಳಾ? ದೊಡ್ಡವರು ಒಂದು ಮಾತು ಆಡಿಬಿಟ್ರೆ ಅದಕ್ಕೆ ಎದುರಾಡೋಳಲ್ಲ. ಹೆತ್ತವಳು ಹಾಗೆ ಬೆಳೆಸಿದ್ದಾಳೆ."

ನಾನು ಅವಳನ್ನು ಹೊಗಳಿದ್ದೆ. ಮಗಳು ಗಂಡನ ಮುಖ ನೋಡಿದಳು. ಅಭ್ಯಾಸ ಆವತ್ತಿಗೇ ನಿಂತಿತು.

ಚರ್ಚೆಯ ದಿನ ಭಾನುವಾರ. ಮಗಳು ನನಗೆ ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಡಿಸಿ, ಅದರ ಮೇಲೆ ದಪ್ಪ ಜಾಕೆಟ್ಟು ತೊಡಿಸಿ, ಮುಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕೂರಿಸಿದಳು. ಮೇಜಿನ ಮೇಲೆ ಖಾಲಿ ಐಸ್‌ಕ್ರೀಮ್ ಡಬ್ಬಿ, ಅದೇ ಮತದ ಪೆಟ್ಟಿಗೆ. ಘಂಟೆ ಬಾರಿಸಲು ಒಬ್ಬರು ರಿಟೈರ್ ಆದ ಅಂಕಲ್. ಅಳಿಯ ಚೆನ್ನಾಗಿಯೇ ಮಾತಾಡಿದ, ನಕ್ಕ, ನೀರು ಕುಡಿದ. ಆಮೇಲೆ ಅವಳು ಎದ್ದು ನಿಂತಳು.

"ಒಂದ ಪ್ರಶ್ನೆ ಐತ್ರಿ. ಡ್ಯಾನ್ಸ್ ಕ್ಲಾಸಿನ ಮಕ್ಕಳ ತಂದೆತಾಯಿಗೆ ಗುರುವಾರದ ಹಾಲ್ ಕೊಡ್ತೀನಿ ಅಂತ ನೀವು ಮಾತು ಕೊಟ್ಟೀರಂತ. ಹೌದೋ, ಅಲ್ಲೋ?"

ಡ್ಯಾನ್ಸ್ ಕ್ಲಾಸಿನ ತಾಯಂದಿರು ಹಿಂದಿನ ಸಾಲಿನಲ್ಲಿ ಫೋನಿಗೆ ತಲೆ ಬಗ್ಗಿಸಿದರು. ಅಳಿಯ ಲೋಟ ಎತ್ತಿದ, ಕೆಳಗಿಟ್ಟ. ಮೈಕು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದು, ಎಲ್ಲರೆದುರು ಬಗ್ಗಿ ನನ್ನ ಎರಡೂ ಕಾಲು ಮುಟ್ಟಿದ. ಮನೆಯಲ್ಲಿ ಹಬ್ಬದ ದಿನವೂ ಬಗ್ಗದ ಬೆನ್ನು ಅದು.

"ಇವರು ನನ್ನ ತಾಯಿ ಸಮಾನ. ಗುರುವಾರ ಅಂದರೆ ಇವರಿಗೆ ಜೀವ. ಅಮ್ಮಾ, ನೀವೇ ಹೇಳಿ, ನಾನು ನಿಮಗೆ ಸುಳ್ಳು ಹೇಳ್ತೀನಾ?"

ಮೈಕು ನನ್ನ ಬಾಯಿಗೆ ಹಿಡಿದ. ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು.

"ಇಲ್ಲ," ಅಂದೆ.

ಚಪ್ಪಾಳೆ ಬಿತ್ತು. ಅವಳ ಬಾಯಲ್ಲಿ ಮಾತಿತ್ತು, ನನಗೆ ಕಾಣಿಸುತ್ತಿತ್ತು. ನನ್ನನ್ನು ನೋಡಿದಳು. "ಅಮ್ಮಾರು ಅಂದ ಮ್ಯಾಲ ನಂದೇನಿಲ್ರಿ," ಅಂತ ಕೂತುಬಿಟ್ಟಳು. ಐಸ್‌ಕ್ರೀಮ್ ಡಬ್ಬಿ ತುಂಬಿತು, ಎಣಿಸಿದರು, ಅಳಿಯನಿಗೆ ಹಾರ ಹಾಕಿದರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಆ ಡ್ಯಾನ್ಸ್ ಕ್ಲಾಸಿನ ವಿಷಯ ಏನು ಅದು?"

ಅಳಿಯ ಕಿಟಕಿಯಾಚೆ ನೋಡಿದ. ಕಾರು ಓಡಿಸುತ್ತಿದ್ದ ಮಗಳೇ ಹೇಳಿದಳು. "ಅಮ್ಮ, ಮಕ್ಕಳಿಗೆ ಸ್ಕೂಲ್ ಬಿಟ್ಟ ಮೇಲೆ ಬೇರೆ ಜಾಗ ಸಿಗ್ತಿಲ್ಲ. ಅವರ ಓಟು ಬೇಕಿತ್ತು. ನೀವೆಲ್ಲ ಮನೇಲೇ ಕೂತು ಫೋನಲ್ಲಿ ಮುಖ ನೋಡ್ಕೊಂಡು ಮಾತಾಡಬಹುದು. ಈ ಗಾಳೀಲಿ ಯಾಕೆ ಹೊರಗೆ ಬರ್ತೀರ?"

"ಯಾವಾಗ ಕೊಟ್ಟಿದ್ದು ಮಾತು?"

"ಆಗಲೇ."

"ಕೋಡುಬಳೆಗೆ ಮುಂಚೆಯೋ, ಆಮೇಲೋ?"

ಮಳೆಯಿಲ್ಲದಿದ್ದರೂ ಮಗಳು ವೈಪರ್ ಹಾಕಿದಳು. ಮುಂಚೆ ಅಂತ ಗೊತ್ತಾಯಿತು. ನನ್ನ ಹೊಟ್ಟೆಯಿಂದ ಬಂದವಳು ನನ್ನ ಬಾಯಿಯನ್ನು ಬಾಡಿಗೆಗೆ ತೆಗೆದುಕೊಂಡಿದ್ದಳು, ಬಾಡಿಗೆಗೆ ಅಂತ ನನಗೆ ಹೇಳಲೂ ಇಲ್ಲ. ಅಳಿಯನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಹೊರಗಿನವನು.

ಮಾರನೇ ದಿನ ಬೆಳಿಗ್ಗೆ ಅವರು ಏಳುವ ಮೊದಲು ಅಡುಗೆಮನೆಗೆ ಹೋದೆ. ಸೌಟು ಹಿಡಿದುಕೊಂಡು ಫ್ರಿಜ್ಜಿನ ಎದುರಿಗೆ ನಿಂತು ಅಭ್ಯಾಸ ಮಾಡಿದೆ. ಮಾತು ಚಿಕ್ಕದಾಗಿರಬೇಕು, ಅಳಬಾರದು, ಬೈಯಬಾರದು. ಒಂದು ಸಲ ಮಾತು ತಪ್ಪಿತು, ನೀರು ಕುಡಿದೆ. ಆಮೇಲೆ ಫೋನಿನಲ್ಲಿ ಸಂಘದ ಗ್ರೂಪ್ ತೆಗೆದೆ. ಬರೆಯಲು ನನಗೆ ಬೆರಳು ಓಡುವುದಿಲ್ಲ, ಮೈಕಿನ ಗುರುತು ಒತ್ತಿ ಹಿಡಿದು ಮಾತಾಡುವುದು ಗೊತ್ತು. ಒತ್ತಿದೆ.

"ನಿನ್ನೆ ನನ್ನ ಅಳಿಯಂದಿರು ಸುಳ್ಳು ಹೇಳ್ತೀನಾ ಅಂತ ನನ್ನ ಕೇಳಿದ್ರು. ನಾನು ಇಲ್ಲ ಅಂದೆ. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಗುರುವಾರದ ಹಾಲ್ ಕೊಟ್ಟುಬಿಟ್ಟಿದ್ದಾರೆ, ಓಟಿಗೆ ಮುಂಚೆಯೇ. ಧಾರವಾಡದ ಹುಡುಗಿ ಕೇಳಿದ್ದು ನಿಜ. ನನ್ನ ಮುಖ ನೋಡಿ ಓಟು ಹಾಕಿದವರು ಇದನ್ನೂ ಕೇಳಿಸಿಕೊಳ್ಳಿ."

ಬೆರಳು ತೆಗೆದೆ. ಹೋಯಿತು. ಉಪ್ಪಿಟ್ಟಿಗೆ ರವೆ ಹುರಿಯಲು ಬಾಣಲೆ ಇಟ್ಟೆ. ಕಟ್ಟೆಯ ಮೇಲೆ ಫೋನು ಗುಂಯ್ ಗುಂಯ್ ಅನ್ನತೊಡಗಿತು, ಮಹಡಿಯ ಮೇಲೆ ಅವರ ಫೋನುಗಳೂ ಶುರುವಾದವು. ಅಳಿಯ ಬರಿಗಾಲಲ್ಲಿ ಇಳಿದು ಬಂದ.

"ಅತ್ತೆ, ಏನು ಮಾಡಿಬಿಟ್ರಿ ನೀವು?"

ನಾನು ಒಲೆ ಆರಿಸಿದೆ. ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತೆ.