ಷಡ್ಡಕನ ವಾರ್ಷಿಕ ವರದಿ

ಸಾಬೂನು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಸವೆದ ನಮ್ಮ ಗುಮಾಸ್ತರಿಗೆ ಇದ್ದ ಸ್ಥಿರಾಸ್ತಿ ಒಂದೇ: ಷಡ್ಡಕನ ಮೇಲಿನ ಹೊಟ್ಟೆಕಿಚ್ಚು. ಕುರ್ಚಿಗೆ ಸವಕಳಿ ಉಂಟು, ಫ್ಯಾನಿಗೂ ಉಂಟು. ಇದಕ್ಕೆ ಮಾತ್ರ ಇಲ್ಲ. ಹೆಂಡತಿಯ ಅಕ್ಕನ ಗಂಡನಾದ ಆ ಷಡ್ಡಕ ಪೈಪು ತಯಾರಿಸುವ ಕಂಪನಿಯೊಂದರ ನಿರ್ದೇಶಕ. ಅದರ ವಾರ್ಷಿಕ ವರದಿಯನ್ನು ಗುಮಾಸ್ತರು ಹಿಂದಿನಿಂದ ಓದುತ್ತಿದ್ದರು. ಮುಂದೆ ಟೈ ಕಟ್ಟಿ ನಗುವ ಷಡ್ಡಕ. ಹಿಂದೆ ಸಣ್ಣಕ್ಷರದ ಟಿಪ್ಪಣಿಗಳು. ನಗು ಮುಗಿದಲ್ಲಿಂದ ಇವರ ಓದು ಶುರು.

ಈ ವರ್ಷ ವರದಿ ಹಿಡಿದು ಅತ್ತೆಯೇ ಬಂದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ನಿವೃತ್ತಿಯ ಹಣವನ್ನೆಲ್ಲ ದೊಡ್ಡಳಿಯನ ಕಂಪನಿಯ ಷೇರಿಗೆ ಹಾಕುವ ಯೋಚನೆ.

“ಒಂಬತ್ತು ಕೋಟಿ ಲಾಭವಂತೆ. ನೋಡಿ ಹೇಳಿ.”

ಗುಮಾಸ್ತರು ಬಾಗಿಲು ಹಾಕಿಕೊಂಡು ಅರ್ಧ ದಿನ ಓದಿದರು. ಹದಿನೇಳನೆಯ ಟಿಪ್ಪಣಿಯಲ್ಲಿ ಸಿಕ್ಕಿತು, ‘ಇತರ ಆದಾಯ’: ಒಂಬತ್ತರಲ್ಲಿ ಎಂಟು ಕೋಟಿ ಹಳೇ ಗೋಡೌನು ಮಾರಿ ಬಂದದ್ದು. ಪೈಪಿನ ದುಡಿಮೆ ಒಂದೇ ಕೋಟಿ. ಅದೂ ಗಿರಾಕಿಗಳಿಂದ ಇನ್ನೂ ಬರಬೇಕು. ಹಿಗ್ಗಿ ಹೊರಬಂದವರು ಹೆಂಡತಿಯನ್ನು ಕಂಡು ಕುಗ್ಗಿದರು.

“ಬೇಡ ಅಂತೀರಿ, ಅಲ್ವೇನ್ರೀ?”

“ಇನ್ನೂ ಬಾಯೇ ಬಿಟ್ಟಿಲ್ಲ.”

“ಮುಖಾನೇ ಹೇಳ್ತಿದೆ. ಭಾವ ಕಾರು ತಗೊಂಡಾಗ ಬಣ್ಣ ಸರಿಯಿಲ್ಲ ಅಂದ್ರಿ. ಮನೆ ಕಟ್ಟಿಸಿದಾಗ ಮೆಟ್ಟಿಲು ಕಡಿದಾಗಿದೆ ಅಂದ್ರಿ. ಈಗ ನಿಮ್ಮ ಮಾತು ಯಾರು ನಂಬ್ತಾರೆ?”

ನಿಜವೇ. ಬೇಡವೆಂದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಆಗಲಿ ಎಂದರೆ ದೊಡ್ಡ ಮನಸ್ಸಿನವನೆಂಬ ಹೆಸರು ಬರುತ್ತದೆ, ಅದೂ ಅತ್ತೆಯ ಖರ್ಚಿನಲ್ಲಿ! ಒಂದು ಗಳಿಗೆ ನಾಲಿಗೆ ಅತ್ತಲೇ ವಾಲಿತು.

“ಬೇಡ ಅತ್ತೆ,” ಎಂದರು ಕೊನೆಗೆ. “ಒಂದು ಗೋಡೌನನ್ನ ಒಂದೇ ಸಲ ಮಾರೋಕಾಗೋದು. ಮುಂದಿನ ವರ್ಷ ಏನು ಮಾರ್ತಾರೆ? ಹೊಟ್ಟೆಕಿಚ್ಚಿಂದ ಹೇಳ್ತಿದೀನಿ ಅನ್ಕೋಬೇಡಿ.”

“ನಿಮಗೆ ಹೊಟ್ಟೆಕಿಚ್ಚು ಅಂತ ಗೊತ್ತಿದ್ದೇ ನಿಮ್ಮ ಹತ್ರ ತಂದಿದ್ದು. ವಾರ್ಡಲ್ಲಿ ನೋಡಿಲ್ವೆ? ಪ್ರೀತಿ ಇರೋರೆಲ್ಲ ‘ಏನೂ ಆಗಿಲ್ಲ’ ಅಂತಾರೆ. ರೋಗ ಹುಡುಕೋಕೆ ಬೇರೆಯವರೇ ಬೇಕು.” ಅತ್ತೆ ಚೀಲದಿಂದ ಇನ್ನೊಂದು ವರದಿ ತೆಗೆದರು. “ಹಾಗಾದ್ರೆ ಇದನ್ನ ನೋಡಿ. ಟೈರು ಕಂಪನಿದು.”

“ಇದ್ರಲ್ಲಿ ನಮ್ಮೋರು ಯಾರಿದ್ದಾರೆ?”

“ಯಾರೂ ಇಲ್ಲ.”

ಗುಮಾಸ್ತರು ಎರಡು ಪುಟ ತಿರುವಿ, ಆಕಳಿಸಿ, ವಾಪಸು ಕೊಟ್ಟರು.

“ಬ್ಯಾಂಕಲ್ಲೇ ಇಡಿ ಅತ್ತೆ. ಗುರುತಿಲ್ಲದವರ ತಪ್ಪು ನನ್ನ ಕಣ್ಣಿಗೆ ಕಾಣೋದಿಲ್ಲ.”