ದೊಡ್ಡಪ್ಪನ ಮರ್ಯಾದೆ ಮತ್ತು ಕಫದ ಡಬ್ಬಿ

ಟಿ. ದಾಸರಹಳ್ಳಿಯ ನಮ್ಮ ದೊಡ್ಡಪ್ಪನ ಕೆಮ್ಮಿಗೆ ಪಕ್ಕದ ಮನೆಯ ಬಾಡಿಗೆಯವರೂ ಎದ್ದು ಕೂರುತ್ತಿದ್ದರು. ಬೆಳಗ್ಗೆ ವಿಚಾರಿಸಿದರೆ ಮಾತ್ರ, ಕೆಮ್ಮಿದವರು ಇನ್ಯಾರೋ ಎನ್ನುವ ಮುಖ. ಕೊನೆಗೆ ಮಾಕಳಿಯಲ್ಲಿರುವ ಮೊಮ್ಮಗಳೇ ಫೋನ್ ಮಾಡಿ ಕಡ್ಡಿ ಮುರಿದ ಹಾಗೆ ಹೇಳಿದಳು: "ತಾತ, ಕಫ ಪರೀಕ್ಷೆ ಮಾಡ್ಸಿ. ಟೀಬಿ ಇಲ್ಲ ಅಂತ ಗೊತ್ತಾಗೋವರ್ಗೂ ಮಗೂನ ಕರ್ಕೊಂಡ್ ಬರಲ್ಲ."

ಮರಿಮಗಳು ಹುಟ್ಟಿದಾಗಿನಿಂದ ಅವರು ಅವಳನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಎದುರು ಮಾತಾಡದೆ ಒಪ್ಪಿಕೊಂಡರು.

ಡಬ್ಬಿ ತಂದುಕೊಟ್ಟು, ತುಂಬಿದ ಮೇಲೆ ಲ್ಯಾಬಿಗೆ ಮುಟ್ಟಿಸುವ ಕೆಲಸ ನನ್ನದು. ಮೊದಲ ದಿನ ಲ್ಯಾಬಿನ ಹುಡುಗಿ ಮುಚ್ಚಿದ ಡಬ್ಬಿಯನ್ನು ಬೆಳಕಿಗೆ ಹಿಡಿದು ನಕ್ಕಳು.

"ಸರ್, ಇದು ಬರೀ ಎಂಜಲು. ಲವಂಗದ ಚೂರು ಬೇರೆ ತೇಲ್ತಿದೆ! ಎದೆಯೊಳಗಿಂದ ಬಂದ ಕಫ ಬೇಕು. ಇದ್ರಲ್ಲಿ ಹುಡುಕಿದ್ರೆ ಕ್ರಿಮಿ ಇದ್ರೂ ಸಿಗಲ್ಲ."

ಮನೆಗೆ ಬಂದು ಕೇಳಿದರೆ ದೊಡ್ಡಪ್ಪನಿಗೇ ಬೇಜಾರು.

"ಅಲ್ಲ ಕಣೋ, ಬೇರೆ ಮನೆ ಎಣ್ಮಗಳು ನೋಡೋ ಡಬ್ಬಿ. ಅದ್ರೊಳಕ್ಕೆ ಗಲೀಜು ಆಕ್ಲಾ? ಅಲ್ಲುಜ್ಜಿ, ಲವಂಗ ಅಗಿದು, ನೀಟಾಗಿ ಕೊಟ್ಟಿದ್ದೆ."

"ಊಂ, ಮದ್ವೆ ಮಾತುಕತೆಗೆ ಓಗ್ತೈತಲ್ಲ ನಿಮ್ ಕಫ, ನೀಟಾಗೇ ಇರ್ಬೇಕು!" ಎಂದರು ದೊಡ್ಡಮ್ಮ ಅಡುಗೆಮನೆಯಿಂದ.

ಮಾರನೆಯ ಬೆಳಗ್ಗೆ ಗಾಳಿಯಾಡುವ ತಾರಸಿಗೆ ಕರೆದೊಯ್ದೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಡಬ್ಬಿ ಹಿಡಿದು ನಿಂತರು. ನಾನೂ ದೊಡ್ಡಮ್ಮನೂ ಮಾಸ್ಕ್ ಹಾಕಿಕೊಂಡು ದೂರದಲ್ಲಿ ನೀರಿನ ಟ್ಯಾಂಕಿನ ಬಳಿ.

"ಉಸಿರೆಳೆದು ಜೋರಾಗಿ ಕೆಮ್ಮಿ, ದೊಡ್ಡಪ್ಪ."

"ಕುಹೂಂ" ಎಂದರು, ಬಾಗಿಲಲ್ಲಿ ನಿಂತ ಬೀಗರ ಹಾಗೆ ಮೆತ್ತಗೆ.

ಊರೆಲ್ಲ ಎಬ್ಬಿಸುತ್ತಿದ್ದ ಕೆಮ್ಮು ಬೇಕಾದಾಗ ನಾಪತ್ತೆ. ಆಗ ದೊಡ್ಡಮ್ಮ ಶುರು ಮಾಡಿದರು.

"ಇವ್ರು ಇಂಗೇ ಕಣಪ್ಪ. ಚಿಕ್ಕಜಾಲಕ್ಕೆ ನನ್ನ ನೋಡಕ್ಕೆ ಬಂದಾಗ ಬಿಸಿಬಿಸಿ ಉಪ್ಪಿಟ್ಟು ಕೊಟ್ರೆ ಬಾಯಿಗಿಟ್ಕೊಂಡ್ಬಿಟ್ರು. ಉಗಿಯಂಗಿಲ್ಲ, ನುಂಗಂಗಿಲ್ಲ. ಕಣ್ಣಲ್ಲಿ ನೀರು ಧಾರಾಕಾರ! ನಮ್ಮಜ್ಜಿ ಏನಂದ್ರು ಗೊತ್ತಾ? 'ಪಾಪ, ಉಡ್ಗಂಗೆ ಎಣ್ಣು ಇಷ್ಟ ಆಗಿಲ್ಲ, ಬಲವಂತ ಮಾಡ್ಬೇಡ್ರಪ್ಪ!'"

ದೊಡ್ಡಪ್ಪ ತಡೆಯಲು ನೋಡಿದರು. ಭುಜ ಅಲುಗಿತು, ನಗು ಬುಗ್ಗೆಂದು ಹೊರಬಂತು, ನಗುವಿನ ಬೆನ್ನಿಗೇ ಕೆಮ್ಮು. ಡಬ್ಬಿಗೆ ಬೇಕಾದದ್ದು ಬಿತ್ತು.

ಅದರಲ್ಲಿ ಟೀಬಿ ಕ್ರಿಮಿ ಸಿಕ್ಕಿತು.

ಅವತ್ತು ಯಾರೂ ತಮಾಷೆ ಮಾಡಲಿಲ್ಲ. ದೊಡ್ಡಪ್ಪ ಮಗುವಿನ ಫೋಟೊ ಇದ್ದ ಫೋನನ್ನು ಮಗುಚಿಟ್ಟು ಕೂತರು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು; ಬೇರೆ ಯಾರಿಗೂ ಇರಲಿಲ್ಲ. ಅವರು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು. ಕೆಲವು ತಿಂಗಳಾದ ಮೇಲೆ ಮತ್ತೆ ಡಬ್ಬಿ, ಮತ್ತೆ ತಾರಸಿ, ಮತ್ತೆ ಉಪ್ಪಿಟ್ಟಿನ ಕಥೆ. ಈ ಸಲ ನಗು ಬಂತೇ ಹೊರತು ಕೆಮ್ಮು ಬರಲಿಲ್ಲ. ತಿಣುಕಾಡಿ ಕೊಟ್ಟ ಚೂರುಪಾರಿನಲ್ಲಿ ಕ್ರಿಮಿಯ ಸುಳಿವಿರಲಿಲ್ಲ. ಮಾತ್ರೆ ಇನ್ನೂ ನಿಲ್ಲಿಸಬಾರದು, ಆದರೆ ಮಗುವನ್ನು ಎತ್ತಿಕೊಳ್ಳಬಹುದು ಎಂದರು ಡಾಕ್ಟರು.

ಆ ಭಾನುವಾರ ಮಾಕಳಿಯಿಂದ ಮಗು ಬಂತು. ದೊಡ್ಡಪ್ಪ ಒಗೆದ ಪಂಚೆ ಉಟ್ಟು, ಕೈಯನ್ನು ಎರಡೆರಡು ಸಲ ತೊಳೆದು, ತೊಡೆಯ ಮೇಲೆ ಮಲಗಿಸಿಕೊಂಡು ಮುಖ ಬಗ್ಗಿಸಿದರು. ಮಗು ಅವರ ಮೂಗಿಗೇ ಗುರಿಯಿಟ್ಟು ಸೀನಿತು.

ಅವರು ಒರೆಸಿಕೊಳ್ಳಲೂ ಇಲ್ಲ.

"ನೋಡಿ ಕಲ್ತ್ಕೊಳ್ಳಿ," ಎಂದರು ದೊಡ್ಡಮ್ಮ. "ಲವಂಗನೂ ಬ್ಯಾಡ, ಉಪ್ಪಿಟ್ಟೂ ಬ್ಯಾಡ."