ನಾನು ಒತ್ತಿದರೆ ಮಾತ್ರ ಹೋಗ್ತಿದ್ದ ಫೈಲು

ಸಾರಕ್ಕಿಯ ಔಷಧಿ ಹೋಲ್‌ಸೇಲ್ ಅಂಗಡಿಗೆ ನಾನು ಸೇರಿದ್ದು ಪ್ಯಾಕಿಂಗ್ ಕೆಲಸಕ್ಕೆ. ಸ್ಕೂಲು ಅರ್ಧಕ್ಕೇ ಬಿಟ್ಟವನು. ಕಂಪ್ಯೂಟರ್ ಕಲಿತದ್ದು ಡಬ್ಬ ಕಟ್ಟೋದರ ಮಧ್ಯೆ, ನನ್ನಷ್ಟಕ್ಕೆ ನಾನೇ. ಗೋಡೌನ್ ಕಂಪ್ಯೂಟರಿನಿಂದ ಸ್ಟಾಕ್ ಫೈಲು ತೆಗೆದು ಮೆಡಿಕಲ್ ಸ್ಟೋರ್‌ಗಳಿಗೆ ಕಳಿಸೋ ಸ್ಕ್ರಿಪ್ಟನ್ನೂ ನಾನೇ ಬರೆದೆ. ಬೆಳಗಿನ ಜಾವ ತಾನಾಗೇ ಓಡೋ ಹಾಗೆ ಟೈಮ್ ಇಟ್ಟು, "ಇನ್ನು ಯಾರೂ ಮುಟ್ಟೋದೇ ಬೇಡ ಸಾರ್" ಅಂತ ಓನರ್ ಮುಂದೆ ಹೇಳಿಯೂಬಿಟ್ಟೆ.

ಒಂದು ದಿನವೂ ಅದು ತಾನಾಗಿ ಹೋಗಲಿಲ್ಲ. ನಾನು ಬಂದು ಒತ್ತಿದರೆ ಮಾತ್ರ ಸರ್ರಂತ ಹೋಗೋದು. ಅಷ್ಟರಲ್ಲಿ ಸ್ಟೋರಿನವರು ಹಳೇ ಫೈಲು ನೋಡಿ ಇಲ್ಲದ ಮಾಲಿಗೆ ಆರ್ಡರ್ ಹಾಕಿರೋರು.

"ಇನ್ನೊಂದ್ಸಲ ಹೀಗಾದ್ರೆ ಹೊರಗಿನೋರಿಗೆ ಕೊಟ್ಬಿಡ್ತೀನಿ. ನೀನು ವಾಪಸ್ ಪ್ಯಾಕಿಂಗ್ ನೋಡ್ಕೋ" ಅಂದರು ಓನರ್.

ಅವತ್ತಿಂದ ಕುಮಾರಸ್ವಾಮಿ ಲೇಔಟಿನಿಂದ ಮೊದಲನೇ ಬಸ್ಸು ಹಿಡಿದು ಬಂದು, ಕೈಯಲ್ಲೇ ಒತ್ತಿ ಕಳಿಸತೊಡಗಿದೆ. ಭಾನುವಾರವೂ ಬಿಡುವಿಲ್ಲ. ಟೈಮ್ ಬದಲಾಯಿಸಿದೆ, ಸ್ಕ್ರಿಪ್ಟ್ ಅಳಿಸಿ ಮತ್ತೆ ಬರೆದೆ. ದಿನಾ ಅದೇ ಉತ್ತರ: ಝೆಡ್ ಸಿಗಲಿಲ್ಲ.

ಗೋಡೌನ್ ಕಂಪ್ಯೂಟರಿಗೆ ನಮ್ಮಲ್ಲಿ ಝೆಡ್ ಅಂತಲೇ ಹೆಸರು. ನನ್ನ ಸ್ಕ್ರೀನಿನಲ್ಲಿ ಅದು ಇಂಗ್ಲಿಷಿನ ಆ ಕೊನೇ ಅಕ್ಷರದಲ್ಲೇ ಕಾಣೋದು. ನಾನು ಕರೆದೂ ಕರೆದೂ ಲೋಡ್ ಇಳಿಸೋರ ಬಾಯಲ್ಲೂ ಅದೇ ಬಂತು. ಸ್ಕ್ರಿಪ್ಟಿನಲ್ಲೂ ಹಾಗೇ ಬರೆದಿದ್ದೆ.

ಒಂದು ಮಧ್ಯಾಹ್ನ ಬಿಲ್ಲಿಂಗ್ ಅಕ್ಕನ ಪ್ರಿಂಟರ್ ಸರಿ ಮಾಡೋಕೆ ಹೋದೆ. ಅವರ ಕಂಪ್ಯೂಟರಿನಲ್ಲೇ ಸ್ಟಾಕ್ ನೋಡೋಣ ಅಂದರೆ ಝೆಡ್ ಕಾಣಲಿಲ್ಲ.

"ಅಕ್ಕಾ, ಝೆಡ್ ಏನ್ ಮಾಡಿದ್ರಿ?"

"ನಾನೇನ್ ಮಾಡ್ಲಿ? ಅದು ನಿನ್ ಲಾಗಿನ್ನಲ್ಲಿರೋದು ಗುರು. ನಂಗ್ಯಾವಾಗ ಕೊಟ್ಟಿದ್ದೆ?"

ಪ್ರಿಂಟರ್ ಹಾಗೇ ಬಿಟ್ಟು ನಿಂತೆ. ಬೆಳಗಿನ ಜಾವ ನಾನು ಲಾಗಿನ್ ಆಗಿರೋದೇ ಇಲ್ಲ. ಝೆಡ್ ಅನ್ನೋದು ನನ್ನ ಲಾಗಿನ್ನಿಗೆ ಮಾತ್ರ ಗೊತ್ತಿರೋ ಅಡ್ಡಹೆಸರು; ನಾನಿಲ್ಲದಾಗ ಝೆಡ್ಡೂ ಇಲ್ಲ.

"ಏಯ್, ನನ್ ಬಿಲ್ಲು!" ಅಂತ ಅಕ್ಕ ಕೂಗುತ್ತಿದ್ದರೂ ಹೋಗಿ, ಸ್ಕ್ರಿಪ್ಟಿನಲ್ಲಿ ಝೆಡ್ ಅಂತಿದ್ದ ಕಡೆಯೆಲ್ಲ ಗೋಡೌನ್ ಕಂಪ್ಯೂಟರಿನ ಪೂರ್ತಿ ವಿಳಾಸ ಬರೆದೆ.

ಮಾರನೇ ದಿನ ನಂಬಿಕೆಯಿಲ್ಲದೆ ಮತ್ತೆ ಮೊದಲನೇ ಬಸ್ಸಿಗೇ ಬಂದೆ. ಫೈಲು ನನಗಿಂತ ಮುಂಚೆ ಹೋಗಿಯಾಗಿತ್ತು. ಖುಷಿಪಡೋ ಶಕ್ತಿಯೂ ಇರಲಿಲ್ಲ; ಡಬ್ಬಗಳಿಗೆ ಒರಗಿ ಕೂತವನಿಗೆ ಅಲ್ಲೇ ನಿದ್ದೆ ಹತ್ತಿತು.

"ಏನಯ್ಯಾ, ಕೆಲ್ಸ ಇಲ್ವಾ?" ಓನರ್ ತಲೆ ಮೇಲೆ ನಿಂತಿದ್ದರು.

"ಇಲ್ಲ ಸಾರ್" ಅಂದೆ. "ಅದೇ ಮಾಡ್ಕೊಂಡಿದೆ."